ಇಪ್ಪತ್ತಕ್ಕೆ ಹದಿಮೂರು

ನಾನು ಗದಗ-ಬೆಟಗೇರಿಯ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಚಿಂತೆ ಮಾಡುತ್ತೇನೆ, ನಡುವೆ ಬಿಡುವು ಸಿಕ್ಕಾಗ ಕಲಿಸುತ್ತೇನೆ ಎಂದರೆ ಇನ್ನೂ ಸರಿಯಾದೀತು. ಲ್ಯಾಬಿನ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮನೆಯ ಬಾಗಿಲಿಗೆ ಬಂದವನು ಎರಡು ಸಲ ವಾಪಸು ಹೋಗಿ ನೋಡಿದ್ದೇನೆ. ಎರಡೂ ಸಲ ಬಂದ್ ಆಗಿತ್ತು. ಅದರಿಂದ ನೆಮ್ಮದಿಯೇನೂ ಆಗಲಿಲ್ಲ. ನೋಡಲು ಹೋಗದ ದಿನವೇ ಅದು ತೆರೆದಿದ್ದರೆ ಎಂಬ ಹೊಸ ಚಿಂತೆ ಹುಟ್ಟಿತು.

ಈ ಸ್ವಭಾವ ಅಂಕ ಕೊಡುವ ಕೈಗೂ ಇಳಿದಿತ್ತು. ನಮ್ಮಲ್ಲಿ ಪ್ರತಿ ವಿಷಯಕ್ಕೆ ನೂರು ಅಂಕ. ಎಂಬತ್ತು ವಿಶ್ವವಿದ್ಯಾಲಯದ ಪರೀಕ್ಷೆಯವು, ಉಳಿದ ಇಪ್ಪತ್ತು ಕಾಲೇಜಿನ ಮಾಸ್ತರರ ಕೈಯಲ್ಲಿ. ನಾವೇ ಒಂದು ಕಿರುಪರೀಕ್ಷೆ ಇಟ್ಟು, ಉತ್ತರಪತ್ರಿಕೆ ನೋಡಿ, ಇಪ್ಪತ್ತಕ್ಕೆ ಇಷ್ಟು ಎಂದು ರಿಜಿಸ್ಟರಿನಲ್ಲಿ ಬರೆದು ಮೇಲೆ ಕಳಿಸಬೇಕು. ಇದಕ್ಕೆ ಇಂಟರ್ನಲ್ ಎಂದು ಹೆಸರು. ಹನ್ನೊಂದು ವರ್ಷ ನಾನು ಈ ಇಪ್ಪತ್ತನ್ನು ಬೇಸಿಗೆಯ ನಲ್ಲಿ ನೀರಿನಂತೆ ಹಿಡಿದು ಹಿಡಿದು ಬಿಟ್ಟೆ. ಚೆನ್ನಾಗಿ ಬರೆದವರಿಗೆ ಹದಿಮೂರು. ಬಹಳ ಚೆನ್ನಾಗಿ ಬರೆದವರಿಗೆ ಹದಿನಾಲ್ಕು. ಹದಿನೈದು ಬಂದರೆ ಆ ಹುಡುಗ ಮನೆಗೆ ಹೋಗಿ ದೇವರ ಮುಂದೆ ದೀಪ ಹಚ್ಚುತ್ತಾನೆ ಎಂದು ಕಾಲೇಜಿನಲ್ಲಿ ಮಾತು. ಬೆನ್ನ ಹಿಂದೆ ನನಗೆ ಹದಿಮೂರು ಮಾಸ್ತರ ಎಂದು ಹೆಸರಿತ್ತು. ನನ್ನ ಎದುರಿಗೇ ಒಮ್ಮೆ ಒಬ್ಬ ಜವಾನ ಹಾಗೆ ಕರೆದು ನಾಲಿಗೆ ಕಚ್ಚಿಕೊಂಡ.

ಇದು ಜಿಪುಣತನವಲ್ಲ, ಹೆದರಿಕೆ. ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟರೆ ಇವನಿಗೆ ಎಲ್ಲ ಬರುತ್ತದೆ ಎಂದು ನಾನು ಬರೆದುಕೊಟ್ಟಂತೆ. ನಾಳೆ ಅವನು ಎಲ್ಲೋ ಆಸಿಡ್ಡಿಗೆ ನೀರು ಸುರಿದು ಮುಖ ಸುಟ್ಟುಕೊಂಡರೆ, ಯಾರು ನಿನಗೆ ಇಪ್ಪತ್ತು ಕೊಟ್ಟವರು ಎಂದು ಕೇಳುತ್ತ ಬರುವುದಿಲ್ಲವೇ? ಹದಿಮೂರು ಕೊಟ್ಟವನನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಮನೆಯಲ್ಲಿಯೂ ನನ್ನದು ಇದೇ ಮಾಪು. ಹೆಂಡತಿಯ ಎಣ್ಣೆಗಾಯಿಯನ್ನು ಓಣಿಯೆಲ್ಲ ಹೊಗಳುತ್ತದೆ. ನಾನು ಎರಡು ಸಲ ಬಡಿಸಿಕೊಂಡು, ಬೆರಳು ನೆಕ್ಕಿ, “ಅಡ್ಡಿಯಿಲ್ಲ” ಅನ್ನುತ್ತೇನೆ. ನಿಮ್ಮ ಬಾಯಿಯಲ್ಲಿ ಇದಕ್ಕಿಂತ ಮೇಲಿನ ಮಾತು ಉಂಟೋ, ಇದೇ ಕಡೆಯದೋ ಎಂದು ಅವಳು ಮದುವೆಯಾದ ವರ್ಷವೇ ಕೇಳಿದ್ದಳು. ಯೋಚಿಸಿ ಹೇಳುತ್ತೇನೆ ಎಂದಿದ್ದೆ.

ನಮ್ಮ ಓಣಿಯಲ್ಲೇ ನನ್ನ ಹಳೆಯ ಗೆಳೆಯನೊಬ್ಬನಿದ್ದಾನೆ. ಅವನೂ ರಸಾಯನಶಾಸ್ತ್ರದವನೇ. ದಿನಾ ಬಸ್ಸು ಹತ್ತಿ ಲಕ್ಷ್ಮೇಶ್ವರದ ಕಡೆ ಒಂದು ಕಾಲೇಜಿಗೆ ಹೋಗುತ್ತಾನೆ. ರವಿವಾರ ಬೆಳಿಗ್ಗೆ ಅವನ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುವುದು ನಮ್ಮ ರೂಢಿ. ಅಂಥ ಒಂದು ರವಿವಾರ ಅವನು ತೊಡೆಯ ಮೇಲೆ ರಿಜಿಸ್ಟರ್ ಇಟ್ಟುಕೊಂಡು ಇಂಟರ್ನಲ್ ತುಂಬುತ್ತಿದ್ದ. ಎದುರಿಗೆ ಒಂದೂ ಉತ್ತರಪತ್ರಿಕೆ ಇರಲಿಲ್ಲ. ಇಪ್ಪತ್ತು, ಇಪ್ಪತ್ತು, ಇಪ್ಪತ್ತು ಎಂದು ಮೇಲಿಂದ ಕೆಳಗೆ ಬರೆಯುತ್ತ ಹೋದ. ಚಹಾ ಆರುವ ಮೊದಲು ಒಂದು ತರಗತಿ ಮುಗಿಯಿತು. ನಡುವೆ ಒಬ್ಬನಿಗೆ ಮಾತ್ರ ಹತ್ತೊಂಬತ್ತು ಬರೆದ. ಇವನು ಏನು ತಪ್ಪು ಮಾಡಿದ ಎಂದು ಕೇಳಿದೆ.

“ಅದು ದೃಷ್ಟಿಬೊಟ್ಟು ಲೇ,” ಅಂದ. “ಎಲ್ಲಾ ಬೆಳ್ಳಗ ಇದ್ರ ಮ್ಯಾಲಿನವರ ಕಣ್ಣು ತಾಕತೈತಿ.”

ಕೂಸಿನ ಗಲ್ಲಕ್ಕೆ ಕಾಡಿಗೆ ಹಚ್ಚಿದ ಹಾಗೆ ತರಗತಿಗೊಂದು ಹತ್ತೊಂಬತ್ತು. ಅದೂ ಅನ್ಯಾಯವಾಗಬಾರದೆಂದು ಹಾಜರಿ ನಂಬರಿನ ಪ್ರಕಾರ ಸರತಿ. ಯಾವ ಹುಡುಗನ ಪಾಳಿಯೋ ಅವನಿಗೆ ಉಳಿದವರೆಲ್ಲ ಸೇರಿ ಗಿರ್ಮಿಟ್ಟು, ಮಿರ್ಚಿ ತಿನ್ನಿಸುತ್ತಾರಂತೆ. ನಾನು ಬೆಳಗಿನ ಉಪದೇಶ ಶುರು ಮಾಡಿದೆ. ಅವನು ಪೆನ್ನಿನ ಮುಚ್ಚಳ ಹಾಕುತ್ತ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲಿ ಬೇಕಾದರೂ ಕೇಳಿ ನೋಡು, ಇಪ್ಪತ್ತಕ್ಕೆ ಹದಿಮೂರು ಎನ್ನುವ ಮಾಸ್ತರನನ್ನು ಜನ ಟಿಕೆಟ್ ತೆಗೆಸಿ ನೋಡಲು ಬರುತ್ತಾರೆ ಅಂದ. ನನಗೆ ಒಳಗೊಳಗೇ ಹೆಮ್ಮೆಯೇ ಆಯಿತು. ಸುತ್ತಲಿನ ಎಲ್ಲರ ಗಡಿಯಾರ ಮುಂದಿದ್ದಾಗ ನಮ್ಮದೊಂದೇ ಸರಿ ಎನ್ನುವ ಮನುಷ್ಯನಿಗೆ ಬಸ್ಸು ತಪ್ಪುವವರೆಗೂ ಒಂದು ಸುಖವಿರುತ್ತದೆ.

ನನ್ನ ಬಸ್ಸು ತಪ್ಪಿಸಿದವಳು ಅಸುಂಡಿಯ ಒಬ್ಬ ಹುಡುಗಿ.

ಅವಳು ಕೊನೆಯ ವರ್ಷದಲ್ಲಿದ್ದಳು. ನನ್ನ ಹನ್ನೊಂದು ವರ್ಷದಲ್ಲಿ ಅಂಥ ತಲೆ ನಾನು ಕಂಡಿರಲಿಲ್ಲ. ಹಾಗೆಂದು ಯಾವತ್ತೂ ಅವಳಿಗೆ ಹೇಳಿರಲಿಲ್ಲ, ಅವಳ ಅಂಕ ನೋಡಿದರೂ ಯಾರಿಗೂ ತಿಳಿಯುವಂತಿರಲಿಲ್ಲ. ಒಂದು ದಿನ ಕ್ಲಾಸು ಮುಗಿದ ಮೇಲೆ ಒಂದು ಹಾಳೆ ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬಂದಳು. ಎಂ.ಎಸ್ಸಿ.ಗೆ ಅವಳು ಒಂದೇ ಒಂದು ಕಡೆ ಅರ್ಜಿ ಹಾಕುವವಳಿದ್ದಳು. ಅದು ದೊಡ್ಡ ವಿಶ್ವವಿದ್ಯಾಲಯ. ಹೆಸರು ಬರೆಯುವ ಧೈರ್ಯ ನನಗಿಲ್ಲ. ಸೀಟು ಕಡಿಮೆ, ಅರ್ಜಿ ರಾಶಿ, ಆರು ಸೆಮಿಸ್ಟರಿನ ಅಂಕ ಕೂಡಿಸಿ ಮೆರಿಟ್ ಪಟ್ಟಿ. ಅವಳ ಹಾಳೆಯಲ್ಲಿ ಹೋದ ವರ್ಷ ಕೊನೆಯ ಸೀಟು ಯಾವ ಅಂಕಕ್ಕೆ ನಿಂತಿತ್ತು ಎಂದಿತ್ತು. ಅದರ ಕೆಳಗೆ ಐದು ಸೆಮಿಸ್ಟರಿನ ಅವಳ ಅಂಕ, ಅದರ ಪಕ್ಕಕ್ಕೆ ನನ್ನ ಹದಿನಾಲ್ಕು, ಹದಿಮೂರು, ಹದಿನಾಲ್ಕುಗಳು. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಅವಳು ಸುತ್ತಲಿನ ಎಲ್ಲ ಕಾಲೇಜುಗಳವರನ್ನು ಹಿಂದೆ ಹಾಕಿದ್ದಳು. ಇಂಟರ್ನಲ್ ಕೂಡಿಸಿದ ಕೂಡಲೇ ಅವರೆಲ್ಲ ಅವಳನ್ನು ದಾಟಿ ಮುಂದೆ ಹೋಗುತ್ತಿದ್ದರು.

ಅವಳು ಬೇಡಿಕೊಳ್ಳಲಿಲ್ಲ, ಅಳಲೂ ಇಲ್ಲ. ಲೆಕ್ಕ ತಪ್ಪಿದೆಯೇ ನೋಡಿ ಎಂದಷ್ಟೇ ಕೇಳಿದಳು. ಮೂರು ಸಲ ಕೂಡಿಸಿದೆ. ತಪ್ಪಿರಲಿಲ್ಲ. ಅಲ್ಲಿಗೇ ಏಕೆ ಹೋಗಬೇಕು ಎಂದು ಕೇಳಿದೆ. ಅಣುವಿನ ಒಳರಚನೆಯನ್ನು ತೋರಿಸುವ ಒಂದು ದೊಡ್ಡ ಯಂತ್ರವಿದೆ, ಎನ್.ಎಂ.ಆರ್. ಎನ್ನುತ್ತಾರೆ. ಆ ವಿಭಾಗದಲ್ಲಿ ಅದು ಇದೆಯಂತೆ. ನಾನು ವರ್ಷವೂ ಅದನ್ನು ಬೋರ್ಡಿನ ಮೇಲೆ ಡಬ್ಬಿಯ ಹಾಗೆ ಬರೆದು ತೋರಿಸುತ್ತೇನೆ.

“ಅದು ಖರೇನ ಎಷ್ಟ ದೊಡ್ಡದಿರತೈತ್ರಿ ಸರ?” ಅಂದಳು.

ನನಗೂ ಗೊತ್ತಿರಲಿಲ್ಲ, ನಾನೂ ನೋಡಿರಲಿಲ್ಲ. ಸಾಕಷ್ಟು ದೊಡ್ಡದು ಎಂದು ಗಂಭೀರವಾಗಿ ಹೇಳಿ ಕಳಿಸಿದೆ. ಅಲ್ಲಿ ಸೀಟು ಸಿಗದಿದ್ದರೆ ಬಿ.ಇಡಿ. ಮಾಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತಂತೆ. ಅಂದರೆ ಅವಳೂ ನನ್ನ ಹಾಗೆ ನೋಡದ ಯಂತ್ರವನ್ನು ಡಬ್ಬಿ ಮಾಡಿ ಬರೆಯುವವಳು. ಆ ದಿನ ಊಟ ಸೇರಲಿಲ್ಲ. ಹೆಂಡತಿ ಕಾರಣ ಕೇಳಿದಳು. ಹೇಳಿದೆ. ಅವಳು ತಾಟು ಎತ್ತುತ್ತ, ಆ ಹುಡುಗಿ ನಿಮ್ಮ ಹದಿಮೂರನ್ನು ಐದು ಸೆಮಿಸ್ಟರ್ ಉಂಡಳು, ನಾನು ಇಪ್ಪತ್ತೆರಡು ವರ್ಷದಿಂದ ಉಣ್ಣುತ್ತಿದ್ದೇನೆ ಎಂದು ಒಳಗೆ ಹೋದಳು.

ವಾರ ಕಳೆದು ಹುಡುಗಿಯ ತಾಯಿ ಬಂದಳು. ಉಳ್ಳಾಗಡ್ಡಿ ಮಾರಲು ಗದಗಿನ ಮಾರ್ಕೆಟ್ಟಿಗೆ ಬಂದವಳು ಹಾಗೆಯೇ ಕಾಲೇಜಿಗೆ ಬಂದಿದ್ದಳು. ಸೀರೆಯ ಸೆರಗಿನಲ್ಲಿ ಉಳ್ಳಾಗಡ್ಡಿಯ ಕೆಂಪು ಸಿಪ್ಪೆ ಅಂಟಿತ್ತು. ಮಗಳು ಬಾಗಿಲಲ್ಲಿ ನಿಂತು, ಬೇಡವ್ವಾ, ಬಾ ಅಂದರೆ ಬಾ ಎಂದು ಕೈ ಮಾಡುತ್ತಿದ್ದಳು. ತಾಯಿ ಅದನ್ನು ನೋಡಲೇ ಇಲ್ಲ. ಕುರ್ಚಿ ತೋರಿಸಿದೆ, ಕೂರಲಿಲ್ಲ.

“ನಾ ಸಾಲಿ ಕಲ್ತಾಕಿ ಅಲ್ರಿ ಸರ. ಉಳ್ಳಾಗಡ್ಡಿ ಮಾತ ಹೇಳ್ತೀನಿ, ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ,” ಎಂದು ಶುರು ಮಾಡಿದಳು.

ಅವಳು ಹೇಳಿದ್ದು ಇದು. ಮಾರ್ಕೆಟ್ಟಿಗೆ ತರುವಾಗ ಎಲ್ಲರೂ ಚೀಲದ ಬಾಯಿಗೆ ದಪ್ಪ ಗಡ್ಡೆ ಇಡುತ್ತಾರೆ, ತಳಕ್ಕೆ ಸಣ್ಣವು. ಕೊಳ್ಳುವವರೇನು ದಡ್ಡರಲ್ಲ. ಮೇಲೆ ಇಷ್ಟು ದಪ್ಪ ಇದ್ದರೆ ತಳಕ್ಕೆ ಎಷ್ಟಿರುತ್ತದೆ ಎಂದು ಮನಸ್ಸಿನಲ್ಲೇ ಕಳೆದು ಬೆಲೆ ಕೂಗುತ್ತಾರೆ. ಇವಳ ಅತ್ತೆ ಬಹಳ ಖರೆ ಮನುಷ್ಯಳು. ಒಂದು ವರ್ಷ ಹಟ ಹಿಡಿದು ಮೇಲಿಂದ ತಳದವರೆಗೆ ದಪ್ಪ, ಸಣ್ಣ ಕಲಸಿ ಒಂದೇ ನಮೂನೆ ಚೀಲ ತುಂಬಿಸಿದಳು. ಕೊಳ್ಳಲು ಬಂದವನು ಬಾಯಿ ಬಿಚ್ಚಿ ನೋಡಿ ನಕ್ಕ. ಮೇಲೆಯೇ ಇಷ್ಟು ಸಣ್ಣವಿದ್ದರೆ ತಳದಲ್ಲಿ ಬರೀ ಗೋಲಿ ಇರಬೇಕು ಅಂದ. ಸುರಿದು ನೋಡಪ್ಪಾ, ಸುರಿದು ನೋಡು ಎಂದು ಅತ್ತೆ ಅವನ ಹಿಂದೆ ಹಿಂದೆ ಮಾರ್ಕೆಟ್ ತುಂಬ ಓಡಾಡಿದಳು.

“ಯಾರ್ ಸುರದು ನೋಡ್ತಾರ್ರಿ ಸರ? ಅವರಿಗೂ ಲಾರಿ ತುಂಬೂ ಗಡಿಬಿಡಿ. ನಿಮ್ಮ ಚೀಲಾನೂ ಯಾರೂ ಸುರಿಯೂದಿಲ್ರಿ. ಬಾಯಿ ನೋಡ್ತಾರ, ಮುಂದ ಹೋಗ್ತಾರ.”

ನಾನು ಅತ್ತೆಯ ಪಕ್ಷದವನು. ಹಾಗಾದರೆ ಈಗ ನೀವು ಹೇಗೆ ತುಂಬುತ್ತೀರಿ ಎಂದು ಕೇಳಿದೆ.

“ಬಾಯಿಗಿ ದಪ್ಪಾವ ಇಡ್ತೀನ್ರಿ. ಕೊಳತದ್ದು ಮಾತ್ರ ಒಂದೂ ಹಾಕೂದಿಲ್ಲ,” ಅಂದಳು.

ಉತ್ತೀರ್ಣರಾಗುವ ಅಂಕ, ಅಂಕದ ಉಬ್ಬರ, ಮೌಲ್ಯಮಾಪನದ ಗುಣಮಟ್ಟ ಎಂದು ನಾನು ಎಷ್ಟೋ ವಿಚಾರ ಸಂಕಿರಣಗಳಲ್ಲಿ ಊಟದ ಹೊತ್ತಿನವರೆಗೆ ಕೂತಿದ್ದೇನೆ. ಅಲ್ಲಿ ತಲೆಗೆ ಹತ್ತದ್ದು ಇಲ್ಲಿ ಹತ್ತಿತು. ನನ್ನ ಹದಿಮೂರು ಹದಿಮೂರೆಂದು ನನಗೊಬ್ಬನಿಗೇ ಗೊತ್ತು. ಮೇಲೆ ಕೂತವರಿಗೆ ಅದು ಸಣ್ಣ ಗಡ್ಡೆ.

ಆರನೆಯ ಸೆಮಿಸ್ಟರಿನ ಕಿರುಪರೀಕ್ಷೆಯ ಪತ್ರಿಕೆಗಳನ್ನು ಎಂದಿನಂತೆಯೇ ನೋಡಿದೆ. ಕೆಂಪು ಪೆನ್ನಿನಲ್ಲಿ ಎಂದಿನ ಹನ್ನೆರಡು, ಹದಿಮೂರುಗಳನ್ನೇ ಬರೆದೆ. ಅಲ್ಲಿ ಕೈ ಸಡಿಲಿಸಲಾಗಲಿಲ್ಲ. ರಿಜಿಸ್ಟರಿನಲ್ಲಿ ಮಾತ್ರ ಪ್ರತಿಯೊಬ್ಬರಿಗೂ ಐದೈದು ಕೂಡಿಸಿ ಬರೆದೆ. ಅವಳೊಬ್ಬಳಿಗೇ ಕೂಡಿಸಿದರೆ ಪಕ್ಷಪಾತ. ಎಲ್ಲರಿಗೂ ಕೂಡಿಸಿದರೆ ನೀತಿ. ಹೀಗೆ ನನಗೆ ನಾನೇ ಹೇಳಿಕೊಂಡೆ. ಅವಳಿಗೆ ಪೂರಾ ಇಪ್ಪತ್ತು ಬಂತು. ಬರೆಯುವಾಗ ಸೊನ್ನೆ ಸರಿಯಾಗಿ ಕೂಡಲಿಲ್ಲ. ರೂಢಿಯಿಲ್ಲದ ಅಂಕೆ.

ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದ ದಿನ ಹುಡುಗರು ಕುಣಿಯುತ್ತಾರೆ ಎಂದುಕೊಂಡಿದ್ದೆ. ಕಾರಿಡಾರಿನಲ್ಲಿ ಪಿಸುಪಿಸು. ನನ್ನನ್ನು ಕಂಡವರು ಬದಿಗೆ ಸರಿದು ದಾರಿ ಬಿಡುತ್ತಿದ್ದರು. ಮಧ್ಯಾಹ್ನ ಇಬ್ಬರು ಒಂದು ಎಳನೀರು ತಂದು ಟೇಬಲ್ಲಿನ ಮೇಲಿಟ್ಟು, ಹುಷಾರಾಗಿರಬೇಕೆಂದು ಹೇಳಿ ಹೋದರು. ಸಂಜೆ ಪ್ರಾಚಾರ್ಯರು ಕರೆದು ಬಾಗಿಲು ಮುಂದೆ ಮಾಡಿ, ಹುಬ್ಬಳ್ಳಿಯಲ್ಲಿ ಯಾರಾದರೂ ದೊಡ್ಡ ಡಾಕ್ಟರಿಗೆ ತೋರಿಸಿದ್ದೀರಾ ಎಂದು ಮೆಲ್ಲಗೆ ಕೇಳಿದರು. ನಾನು ಹೋಗುವ ಮೊದಲು ಪುಣ್ಯ ಕಟ್ಟಿಕೊಳ್ಳುತ್ತಿದ್ದೇನೆ ಎಂದು ಇಡೀ ಕಾಲೇಜಿನಲ್ಲಿ ಸುದ್ದಿಯಾಗಿತ್ತು. ಇಲ್ಲ, ಆರಾಮಿದ್ದೇನೆ ಎಂದೆ. ಆ ವಾರವೇ ಬಿ.ಪಿ. ತೋರಿಸಿಕೊಂಡೆ. ಇಷ್ಟು ಮಂದಿ ಹೇಳುವಾಗ ಏನಾದರೂ ಇದ್ದೀತು ಎಂಬ ಅಂಜಿಕೆ.

ಬಿ.ಪಿ. ಏರಿದ್ದು ಮುಂದಿನ ತಿಂಗಳು, ನಮ್ಮ ವಿಶ್ವವಿದ್ಯಾಲಯದ ಪತ್ರ ಬಂದಾಗ. ನಿಮ್ಮ ಕಾಲೇಜಿನ ರಸಾಯನಶಾಸ್ತ್ರದ ಇಂಟರ್ನಲ್ ಅಂಕಗಳಲ್ಲಿ ಅಸಹಜ ಏರಿಕೆ ಕಂಡುಬಂದಿದೆ, ಸಂಬಂಧಿಸಿದ ಉತ್ತರಪತ್ರಿಕೆಗಳೊಂದಿಗೆ ಸಮಿತಿಯ ಮುಂದೆ ಹಾಜರಾಗಬೇಕು. ಸುತ್ತಲಿನ ನಾಲ್ಕು ಊರಿನಲ್ಲಿ ಅಂಕ ಉಬ್ಬಿಸಿದ್ದಕ್ಕೆ ಸಿಕ್ಕಿಬಿದ್ದವನು ನಾನೊಬ್ಬನೇ. ಗೆಳೆಯನಿಗೆ ಪತ್ರ ತೋರಿಸಿದೆ. ಅವನು ಓದಿ, ಕಟ್ಟೆಯ ಮೇಲೆ ಅಂಗಾತ ಮಲಗಿ, ಹೊಟ್ಟೆ ಹಿಡಿದುಕೊಂಡು ನಕ್ಕ.

“ಲೇ, ನಂದು ಮೊದಲಿಂದ ಇಪ್ಪತ್ತ ಐತಿ. ಅದು ಎಲ್ಲಿಗೇರತೈತಿ? ನೀ ಹದಿಮೂರರಾಗಿದ್ದಿ, ಮ್ಯಾಲ ಹತ್ತೂದು ಕಂಡ್ತು.”

ಮತ್ತೂ ಒಂದು ಮಾತು ಹೇಳಿದ. ಹೋಗುವ ಮೊದಲು ಪತ್ರಿಕೆಯ ಮೇಲಿನ ಕೆಂಪು ಹದಿಮೂರನ್ನು ಹದಿನೆಂಟು ಮಾಡಿಬಿಡು, ಮೂರರ ಎಡಕ್ಕೆ ಒಂದು ಗೀಟು ಎಳೆದರೆ ಎಂಟು ಆಗುತ್ತದೆ. ಅದು ನನಗೂ ಹೊಳೆದಿತ್ತು ಎಂದು ಅವನಿಗೆ ಹೇಳಲಿಲ್ಲ. ಒಂದು ಪತ್ರಿಕೆಯ ಮೇಲೆ ಪೆನ್ನು ಹಿಡಿದೂ ನೋಡಿದ್ದೆ. ಹೆದರಿ ಮುಚ್ಚಳ ಹಾಕಿದೆ. ಅದನ್ನು ಪ್ರಾಮಾಣಿಕತೆ ಎಂದು ಕರೆಯಲು ನನಗೆ ಇಷ್ಟ.

ಬೆಳಗಿನ ಬಸ್ಸಿಗೆ ಹೊರಟೆ. ಉತ್ತರಪತ್ರಿಕೆಗಳ ಕಟ್ಟನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ಏನೇನಾಗಬಹುದೆಂದು ಯೋಚಿಸಿದೆ. ಇಂಕ್ರಿಮೆಂಟ್ ನಿಲ್ಲಬಹುದು, ಪೇಪರಿನಲ್ಲಿ ಬರಬಹುದು. ಇವೆಲ್ಲಕ್ಕಿಂತ ದೊಡ್ಡದು, ಇಡೀ ತರಗತಿಯ ಫಲಿತಾಂಶವನ್ನೇ ತಡೆಹಿಡಿಯಬಹುದು. ಹಾಗಾದರೆ ಮೆರಿಟ್ ಪಟ್ಟಿಯ ಹೊತ್ತಿಗೆ ಅವಳ ಕೈಯಲ್ಲಿ ಅಂಕಪಟ್ಟಿಯೇ ಇರುವುದಿಲ್ಲ. ಸಹಾಯ ಮಾಡಲು ಹೋಗಿ ಅವಳನ್ನು ಇದ್ದಲ್ಲಿಂದಲೂ ಕೆಳಗೆ ನೂಕಿದ್ದೆ. ಈ ಯೋಚನೆಯಲ್ಲಿ ಇಳಿಯುವ ಸ್ಟಾಪ್ ದಾಟಿತು, ಒಂದು ಮೈಲಿ ಹಿಂದಕ್ಕೆ ನಡೆದೆ.

ಸಮಿತಿಯಲ್ಲಿ ಮೂವರಿದ್ದರು. ನಾನು ಕೂರುವ ಮೊದಲೇ ತಪ್ಪೊಪ್ಪಿಕೊಂಡುಬಿಟ್ಟೆ. ನಿಜವಾದ ಅಂಕ ಪತ್ರಿಕೆಯ ಮೇಲಿದೆ, ರಿಜಿಸ್ಟರಿನಲ್ಲಿ ಐದೈದು ಕೂಡಿಸಿದ್ದೇನೆ, ಶಿಕ್ಷೆ ನನಗೆ ಕೊಡಿ, ಹುಡುಗರಿಗೆ ಬೇಡ. ಅಧ್ಯಕ್ಷರು ವಯಸ್ಸಾದವರು, ಸಮಾಧಾನದ ಮನುಷ್ಯ. ನನ್ನ ಕಟ್ಟನ್ನು ಬಿಚ್ಚಲೂ ಇಲ್ಲ. ಎದುರಿನ ಕಂಪ್ಯೂಟರಿನ ಹಾಳೆಯಲ್ಲಿ ಬೆರಳಾಡಿಸಿ ಅಂದರು:

“ಹದಿನೆಂಟು ಬರೋಬರಿ ಅದಾವಲ್ರಿ. ನಮಗ ತಿಳೀಲಾರದ್ದು ನಿಮ್ಮ ಹದಿಮೂರು.”

ಏರಿಕೆ ಕಂಡು ಕಂಪ್ಯೂಟರ್ ಕೆಂಪು ಗುರುತು ಹಾಕಿತ್ತು, ಅಷ್ಟೇ. ಆಮೇಲೆ ಅವರು ತೆಗೆದು ನೋಡಿದರೆ ಹೊಸ ಅಂಕಗಳು ಎಲ್ಲ ಕಾಲೇಜುಗಳ ಹಾಗೆಯೇ ಇವೆ, ಹಳೆಯವು ಯಾವುದಕ್ಕೂ ಹೊಂದುವುದಿಲ್ಲ. ಹೀಗೇಕೆ? ಪಾಠ ಸರಿಯಾಗಿ ಆಗುತ್ತಿರಲಿಲ್ಲವೇ? ಲ್ಯಾಬ್ ಇರಲಿಲ್ಲವೇ? ಮನೆಯಲ್ಲಿ ಏನಾದರೂ ತೊಂದರೆಯಿತ್ತೇ? ಹನ್ನೊಂದು ವರ್ಷ ಖರೆ ಅಂಕ ಕೊಟ್ಟದ್ದಕ್ಕೆ ನಾನು ಕಾರಣ ಹೇಳಬೇಕಾಯಿತು. ಹೇಳಿದೆ. ಅವರು ಮೂವರೂ ಬಹಳ ಮರ್ಯಾದೆಯಿಂದ ಕೇಳಿದರು, ಕಾಯಿಲೆಯವನ ಮಾತು ಕೇಳುವ ಹಾಗೆ.

ಕೊನೆಗೆ ಅಧ್ಯಕ್ಷರು ಒಂದು ದಾರಿ ತೋರಿಸಿದರು. ಈಗ ಹೊರಬೀಳುವ ತರಗತಿಯ ಹುಡುಗರು ಹಿಂದಿನ ಐದು ಸೆಮಿಸ್ಟರಿನಲ್ಲಿ ಸುಮ್ಮನೆ ಪೆಟ್ಟು ತಿಂದಿದ್ದಾರೆ. ಮಾಸ್ತರರು ಮೌಲ್ಯಮಾಪನದ ನಿಯಮವನ್ನು ತಪ್ಪಾಗಿ ತಿಳಿದಿದ್ದರು ಎಂದು ಒಂದು ಪತ್ರ ಬಂದರೆ ಅವರ ಹಳೆಯ ಇಂಟರ್ನಲ್ಲನ್ನೂ ಉಳಿದ ಕಾಲೇಜುಗಳ ಮಟ್ಟಕ್ಕೆ ಏರಿಸಬಹುದು. ಎಂಟು ದಿನದೊಳಗೆ ಬರಬೇಕು, ಆಮೇಲೆ ಮೆರಿಟ್ ಪಟ್ಟಿ. ಯಾವ ಮಾಸ್ತರರು ತಪ್ಪಾಗಿ ತಿಳಿದಿದ್ದು ಎಂದು ಕೇಳಿದೆ. ಮೂವರಲ್ಲಿ ಸಣ್ಣ ವಯಸ್ಸಿನವರು, “ನೀವ ಸರ, ನೀವೊಬ್ಬರ,” ಅಂದರು.

ಎರಡು ದಿನ ಕೂತು ಪತ್ರ ಬರೆದೆ. ನಾಲ್ಕು ಪುಟವಾಯಿತು. ಹುಡುಗಿಗೆ ಫೋನು ಮಾಡಿ ಹೀಗೆ ಹೀಗಾಗಿದೆ ಎಂದು ಹೇಳಿದ್ದೆ. ಮರುದಿನ ತಾಯಿ ಮಗಳು ಕಾಲೇಜಿಗೆ ಬಂದರು. ರಜೆಯ ದಿನ, ಸ್ಟಾಫ್ ರೂಮಿನಲ್ಲಿ ನಾವು ಮೂವರೇ. ಪತ್ರವನ್ನು ಅವಳ ಕೈಗೆ ಕೊಟ್ಟೆ. ಮೂರು ವರ್ಷ ಅವಳ ಹಾಳೆಗಳನ್ನು ನಾನು ಓದಿದ್ದೆ, ಈಗ ನನ್ನ ಹಾಳೆಗಳನ್ನು ಅವಳು ಓದುತ್ತಿದ್ದಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಪತ್ರಿಕೆ ನೋಡುವಾಗ ನನ್ನ ಮುಖವೂ ಹೀಗೇ ಇರುತ್ತಿತ್ತೇನೋ.

“ಇದು ತಪ್ಪೊಪ್ಪಿಗಿ ಅಲ್ರಿ ಸರ, ಸನ್ಮಾನ ಪತ್ರ ಆಗೈತಿ,” ಅಂದಳು. “ಶಾಲೊಂದ ಕಮ್ಮಿ.”

ತಿರುಗಿ ಓದಿ ನೋಡಿದೆ. ಖರೆ. ಎರಡನೆಯ ಪುಟದಲ್ಲಿ ನನ್ನ ನಿಷ್ಠೆ, ಮೂರನೆಯದರಲ್ಲಿ ಸಮಾಜದ ಅಧೋಗತಿ, ನಾಲ್ಕನೆಯದರ ಕೊನೆಗೆ ಎಲ್ಲೋ ಒಂದು ಕಡೆ ‘ಆದಾಗ್ಯೂ’. ತಪ್ಪು ಎಂಬ ಶಬ್ದ ಒಂದು ಸಲ ಬಂದಿತ್ತು, ಅದೂ ಇತರ ಕಾಲೇಜುಗಳ ವಿಷಯದಲ್ಲಿ. ಅವಳು ಬೇರೆ ಹಾಳೆ ತೆಗೆದುಕೊಂಡು ಮೂರು ಸಾಲು ಬರೆದಳು. ಮೌಲ್ಯಮಾಪನದ ಮಾರ್ಗಸೂಚಿಯನ್ನು ನಾನು ತಪ್ಪಾಗಿ ಅರ್ಥ ಮಾಡಿಕೊಂಡು ಕಡಿಮೆ ಅಂಕ ನೀಡಿರುತ್ತೇನೆ. ಇದರಲ್ಲಿ ವಿದ್ಯಾರ್ಥಿಗಳ ದೋಷವಿರುವುದಿಲ್ಲ. ದಯವಿಟ್ಟು ಸರಿಪಡಿಸಬೇಕು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಂಥ ಉತ್ತರಕ್ಕೆ ನಾನು ಹದಿನಾಲ್ಕು ಕೊಡುತ್ತಿದ್ದೆ.

ಸಹಿ ಮಾಡಲು ತಡವಾಯಿತು. ಪೆನ್ನು ಝಾಡಿಸಿದೆ, ಹಾಳೆಯ ಕೆಳಗೆ ಪುಸ್ತಕ ಇಟ್ಟೆ, ಫ್ಯಾನಿನ ಗಾಳಿ ಎಂದೆ. ಆ ಮೂರು ಸಾಲು ಸುಳ್ಳು. ನಾನು ಏನನ್ನೂ ತಪ್ಪಾಗಿ ಅರ್ಥ ಮಾಡಿಕೊಂಡಿರಲಿಲ್ಲ. ಹನ್ನೊಂದು ವರ್ಷದಲ್ಲಿ ಖರೆ ಎಂದು ನನ್ನ ಹತ್ತಿರ ಇದ್ದದ್ದು ಆ ಹದಿಮೂರೊಂದೇ, ಅದರ ಕೆಳಗೆ ತಪ್ಪು ಎಂದು ನಾನೇ ಬರೆದುಕೊಡಬೇಕು. ತಾಯಿ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದಳು. ಹುಡುಗಿ ಒತ್ತಾಯ ಮಾಡಲಿಲ್ಲ. ನನ್ನ ನಾಲ್ಕು ಪುಟಗಳನ್ನು ನೀಟಾಗಿ ಮಡಚಿ, ಇದನ್ನು ಹರಿಯುವುದೋ ಇಡುವುದೋ ಎಂದು ಕೇಳಿದಳು. ಇಡು ಎಂದೆ. ಎಂದಾದರೂ ಯಾರಾದರೂ ಓದಿಯಾರು. ಇಷ್ಟು ಹೇಳಿ ಸಹಿ ಮಾಡಿದೆ. ಅಂಚೆಗೆ ಹಾಕಿ ಬಂದೆ. ಮತ್ತೆ ಅಂಚೆ ಆಫೀಸಿಗೆ ಹೋಗಿ ಪಿನ್ ಕೋಡ್ ಸರಿ ಬರೆದಿದ್ದೆನೇ ಎಂದು ಕೇಳಿದೆ.

ತರಗತಿಯ ಎಲ್ಲರ ಅಂಕವೂ ಏರಿತು. ಕೊನೆಯ ಬೆಂಚಿನ ಒಬ್ಬನಿಗೆ ಮೊದಲ ದರ್ಜೆ ಬಂದು, ಅವನ ಮನೆಯವರು ಮುಂಡರಗಿಯಿಂದ ನನಗೆ ಒಂದು ಡಬ್ಬಿ ಕರದಂಟು ಕಳಿಸಿದರು. ಓಣಿ ಓಣಿಗೆ ಕರದಂಟು ಮಾರುವ ಗದಗಿನವನಿಗೆ ಅದನ್ನು ಕಳಿಸುತ್ತಾರೆಯೇ ಎಂದು ಹೆಂಡತಿ ನಕ್ಕಳು. ಮೆರಿಟ್ ಪಟ್ಟಿ ಬಂದ ದಿನ ನಾನು ಫೋನಿನಲ್ಲಿ ಮೇಲಿಂದ ಹೆಸರು ನೋಡುತ್ತ ಬಂದೆ. ಕೆಳಗಿನಿಂದ ಮೂರನೆಯ ಹೆಸರು ಅವಳದು. ಅವಳಿಗಿಂತ ಮೇಲಿನವರಲ್ಲಿ ಎಷ್ಟು ದಪ್ಪ ಗಡ್ಡೆ, ಎಷ್ಟು ಸಣ್ಣವು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ. ನಾನೂ ಈಗ ಅದೇ ಮಾರ್ಕೆಟ್ಟಿನವನು.

ವರ್ಗಾವಣೆ ಪತ್ರ ತೆಗೆದುಕೊಂಡು ಹೋಗಲು ತಾಯಿ ಮಗಳು ಮತ್ತೊಮ್ಮೆ ಬಂದರು. ತಾಯಿ ಕಾಲಿಗೆ ಬೀಳಲು ಬಂದಳು, ನಾನು ಹಿಂದೆ ಸರಿಯಲು ಹೋಗಿ ಕುರ್ಚಿ ಕೆಡವಿದೆ. ಎಲ್ಲ ಮುಗಿದ ಮೇಲೆ ಹುಡುಗಿ ಬಾಗಿಲವರೆಗೆ ಹೋದವಳು ತಿರುಗಿ ಬಂದಳು. ದನಿ ಸಣ್ಣದು ಮಾಡಿ ಕೇಳಿದಳು:

“ಸರ, ಕಡೀ ಟೆಸ್ಟಿನ್ಯಾಗ ನಂದು ಖರೇದು ಎಷ್ಟ್ರಿ?”

ಕಪಾಟು ತೆಗೆದು ಕಟ್ಟು ಬಿಚ್ಚಿ ಅವಳ ಪತ್ರಿಕೆ ತೆಗೆದೆ. ಹದಿನೈದು ಎಂದು ತೋರಿಸಿದೆ. ಖುಷಿಯಾಗುತ್ತಾಳೆ ಎಂದುಕೊಂಡಿದ್ದೆ.

“ಐದು ಯಾಕ ಹೋದೂ?” ಅಂದಳು.

ಕುಳಿತೆವು. ಎರಡು ಕಡೆ ಉತ್ತರದ ಮುಂದೆ ಏಕಮಾನ ಬರೆದಿರಲಿಲ್ಲ, ಒಪ್ಪಿದಳು. ಒಂದು ಚಿತ್ರಕ್ಕೆ ಭಾಗಗಳ ಹೆಸರಿಲ್ಲ, ಒಪ್ಪಿದಳು. ಒಂದು ಸಮೀಕರಣ ಸರಿದೂಗಿಸಿರಲಿಲ್ಲ, ಅದಕ್ಕೆ ತಾನೇ ತಲೆ ಚಚ್ಚಿಕೊಂಡಳು. ಉಳಿದದ್ದು ಒಂದು. ದುರ್ಬಲ ಪ್ರತ್ಯಾಮ್ಲಕ್ಕೆ ಪ್ರಬಲ ಆಮ್ಲ ಹನಿ ಹನಿ ಬಿಡುವಾಗ ಫಿನಾಲ್ಫ್ತಲೀನ್ ಎಂಬ ಬಣ್ಣದ ಸೂಚಕ ಏಕೆ ನಡೆಯುವುದಿಲ್ಲ ಎಂಬ ಪ್ರಶ್ನೆ. ಕೆಲಸ ಮುಗಿಯುವ ಮೊದಲೇ ಅದರ ಬಣ್ಣ ಹೋಗಿಬಿಡುತ್ತದೆ ಎಂದು ಅವಳು ಬರೆದಿದ್ದಳು. ಯಾವ ಪಿ.ಎಚ್.ಗೆ ಹೋಗುತ್ತದೆ ಎಂದು ಅಂಕಿ ಕೊಟ್ಟಿರಲಿಲ್ಲ. ಅದಕ್ಕೆ ಒಂದು ಕಳೆದಿದ್ದೆ.

“ಯಾಕ ಅಂತ ಕೇಳೀರಿ ಸರ. ಎಷ್ಟಕ್ಕ ಅಂತ ಕೇಳಿಲ್ಲ,” ಅಂದಳು.

ವಿಜ್ಞಾನದಲ್ಲಿ ಯಾಕೆ ಎಂದರೆ ಎಷ್ಟು ಎಂಬುದೂ ಅದರಲ್ಲೇ ಬರುತ್ತದೆ ಎಂದೆ. ಹಾಗಿದ್ದರೆ ಪ್ರಶ್ನೆಯಲ್ಲೇ ಬರೆಯಬೇಕಿತ್ತು ಎಂದಳು. ಬೋರ್ಡಿನ ಮೇಲೆ ಬರೆದಿದ್ದೆ ಎಂದೆ. ಆ ದಿನ ನೀವು ರಜೆ ಇದ್ದಿರಿ, ನಾನೇ ಉಳಿದವರಿಗೆ ಹೇಳಿಕೊಟ್ಟೆ ಎಂದಳು. ನನಗೆ ಬೇರೆ ದಾರಿ ಉಳಿಯಲಿಲ್ಲ. ಈಗ ಹದಿನಾರು ಮಾಡಿದರೆ ಐದು ಕೂಡಿ ಇಪ್ಪತ್ತೊಂದಾಗುತ್ತದೆ, ರಿಜಿಸ್ಟರಿನಲ್ಲಿ ಅದನ್ನು ಎಲ್ಲಿ ಬರೆಯಲಿ ಎಂದು ಕೇಳಿದೆ. ನನಗೆ ರಿಜಿಸ್ಟರ್ ಬೇಡ, ಇಲ್ಲಿ ಬರೆಯಿರಿ ಎಂದು ಪತ್ರಿಕೆಯ ಮೇಲೆ ಬೆರಳಿಟ್ಟಳು. ದನಿ ಏರಿತ್ತು, ನನ್ನದೂ ಏರಿತ್ತು. ಇಡೀ ಹನ್ನೊಂದು ವರ್ಷದಲ್ಲಿ ಯಾರೂ ನನ್ನ ಜೊತೆ ಒಂದು ಅಂಕಕ್ಕಾಗಿ ಹೀಗೆ ಜಗಳವಾಡಿರಲಿಲ್ಲ. ಎಲ್ಲರೂ ಬೇಡಿದ್ದರು, ಇಲ್ಲವೇ ಬೈದಿದ್ದರು.

“ಸೀಟ ಸಿಕ್ಕಮ್ಯಾಲ ಇದೆಂಥಾ ಜಗಳ್ರಿ ನಿಮ್ದು?” ತಾಯಿ ಬಾಗಿಲಲ್ಲಿ ಚೀಲ ಹೆಗಲಿಗೇರಿಸಿದಳು. “ಏ ನಮ್ಮವ್ವಾ, ಬಸ್ ಹೋಕ್ಕೈತಿ.”

ನಾನು ಕೆಂಪು ಪೆನ್ನು ತೆಗೆದೆ. ಹದಿನೈದನ್ನು ಹೊಡೆದು ಹದಿನಾರು ಬರೆದೆ. ಅಂಕ ತಿದ್ದಿದಲ್ಲಿ ಸಣ್ಣ ಸಹಿ ಹಾಕಬೇಕು, ಹಾಕಿದೆ. ಅವಳು ಆ ಪತ್ರಿಕೆಯನ್ನು ತಿರುಗಿ ನನ್ನ ಕೈಗೆ ಕೊಡಲಿಲ್ಲ. ವರ್ಗಾವಣೆ ಪತ್ರವನ್ನು ಚೀಲದಲ್ಲಿ ತುರುಕಿ, ಇದನ್ನು ಎರಡು ಪುಸ್ತಕಗಳ ನಡುವೆ ಮಡಿಕೆಯಾಗದಂತೆ ಇಟ್ಟು, ಬರ್ತೀನ್ರಿ ಸರ ಎಂದು ತಾಯಿಯ ಹಿಂದೆ ಓಡಿದಳು.

ಕಟ್ಟು ಮತ್ತೆ ಕಟ್ಟಿ ಕಪಾಟಿಗೆ ಬೀಗ ಹಾಕಿದ ಮೇಲೆ ನೆನಪಾಯಿತು. ಉತ್ತರಪತ್ರಿಕೆಗಳನ್ನು ಮೂರು ವರ್ಷ ಕಾಲೇಜಿನಲ್ಲಿಯೇ ಕಾಯ್ದಿಡಬೇಕು, ಒಂದನ್ನೂ ಹೊರಗೆ ಕೊಡಬಾರದು. ಬಸ್ ಸ್ಟ್ಯಾಂಡಿನವರೆಗೆ ಓಡಿದರೆ ಸಿಗುತ್ತಿದ್ದಳು. ಓಡಲಿಲ್ಲ. ಯಾರಾದರೂ ಎಣಿಸಲು ಬಂದರೆ ಏನು ಹೇಳಬೇಕೆಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಮೂರು ವರ್ಷ ತುಂಬಲು ಇನ್ನೂ ಹದಿನೇಳು ತಿಂಗಳಿದೆ.